ಮಾತು ಕೇಳುವ ಕಾರು

ಕಾರಿನೊಡನೆ ಮಾತನಾಡುವ ಕಾಲ ಬಂದಿದೆ. ದಾರಿ ಯಾವುದು, ಪೆಟ್ರೋಲು ಎಲ್ಲಿ ದೊರೆತೀತು ಎಂದು ಚಾಲಕನು ಕೇಳಿದರೆ ಯಂತ್ರವು ಉತ್ತರ ಹೇಳುತ್ತದೆ. ಕೈ ಸ್ಟಿಯರಿಂಗಿನ ಮೇಲೆ, ಕಣ್ಣು ರಸ್ತೆಯ ಮೇಲೆ ಇರುವುದರಿಂದ ಇದರಲ್ಲಿ ಅಪಾಯವಿಲ್ಲವೆಂಬ ನಂಬಿಕೆ ಹರಡಿದೆ. ನಾವು ಇದನ್ನು ಒಪ್ಪಲಾರೆವು. ಕಾರು ನಡೆಸುವುದಕ್ಕೆ ಮನಸ್ಸೂ ಬೇಕಷ್ಟೆ.

2015ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು ಇಂಥ ವ್ಯವಸ್ಥೆಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ಕೆಲವನ್ನು ಬಳಸಿದಾಗ, ಮಾತು ಮುಗಿದ ಮೇಲೂ 27 ಸೆಕೆಂಡುಗಳವರೆಗೆ ಚಾಲಕನ ಗಮನ ಪೂರ್ತಿಯಾಗಿ ರಸ್ತೆಗೆ ಮರಳದಿದ್ದುದು ಕಂಡುಬಂದಿತು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅಷ್ಟು ಹೊತ್ತಿಗೆ ಕಾರು 300 ಮೀಟರು ಸಾಗಿರುತ್ತದೆ. ತುಮಕೂರಿನ ಕಡೆಯ ವಾಚಕರು ದೇವರಾಯನದುರ್ಗದ ಏರುದಾರಿಯನ್ನು ನೆನೆದುಕೊಳ್ಳಲಿ. ಕಾಡಿನ ನಡುವೆ ಸುತ್ತಿ ಹತ್ತುವ ಆ ದಾರಿಯಲ್ಲಿ, ತಿರುವಿನಾಚೆ ಕೋತಿಗಳ ಹಿಂಡೋ ಇಳಿದು ಬರುವ ಬಸ್ಸೋ ಇದ್ದೀತು.

ಯಂತ್ರಕ್ಕೆ ಮಾತು ತಿಳಿಯದೆ ಹೋದರಂತೂ ಕೇಡು ಇಮ್ಮಡಿಸುತ್ತದೆ. ಅದು ಕೇಳುವ ಬಗೆ ಹೀಗೆ: ಧ್ವನಿಗ್ರಾಹಕವು ಸದ್ದಿನ ಅಲೆಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 16,000 ಸಲ ಅಳೆದು ಅಂಕಿಗಳನ್ನಾಗಿ ಮಾಡುತ್ತದೆ. ಗಣಕವು ತಾನು ಮೊದಲೇ ಕೇಳಿ ಕಲಿತ ಅಪಾರ ಮಾತಿನ ಆಧಾರದಿಂದ, ಆ ಅಂಕಿಗಳಿಗೆ ಯಾವ ಪದ ಹೆಚ್ಚು ಹೊಂದೀತೆಂದು ಎಣಿಸುತ್ತದೆ. ಎಂಜಿನ್ನಿನ ಮೊರೆತವೂ ಗಾಳಿಯ ಸದ್ದೂ ಅದರೊಳಗೆ ಬೆರೆತಿರುತ್ತವೆ. ಇನ್ನು ತಾನೆಂದೂ ಕೇಳದ ನುಡಿಯನ್ನು ಅದು ಊಹಿಸುವುದೆಂತು? ನಾಮದ ಚಿಲುಮೆ ಎಂಬ ಹೆಸರನ್ನು ಕಲಿಸಿದರೆ ಸಾಲದು. ಚಿಲುಮೆಗೆ, ಚಿಲುಮೆಯಿಂದ, ಚಿಲುಮೆಯ ಹತ್ತಿರ ಎಂದು ವಿಭಕ್ತಿಯೊಡನೆ ಅದರ ರೂಪ ಬದಲಾಗುತ್ತದೆ. ‘ದುರ್ಗಕ್ಕೆ ದಾರಿ’ ಎಂದಷ್ಟೇ ಕೇಳಿದವನನ್ನು ತುಮಕೂರಿನಿಂದ ಹೆದ್ದಾರಿ ಹಿಡಿಸಿ ಚಿತ್ರದುರ್ಗಕ್ಕೆ ಕಳುಹಿಸಿದರೆ ಯಂತ್ರವನ್ನು ಬೈಯುವಂತೆಯೂ ಇಲ್ಲ! ಚಾಲಕನು ಮತ್ತೆ ಹೇಳುತ್ತಾನೆ, ಇನ್ನೊಮ್ಮೆ ಇಂಗ್ಲಿಷಿನಲ್ಲಿ ಹೇಳುತ್ತಾನೆ. ಅಷ್ಟು ಹೊತ್ತು ಅವನ ಮನಸ್ಸು ರಸ್ತೆಯ ಮೇಲಿರುವುದಿಲ್ಲ. ಆದುದರಿಂದ ಕನ್ನಡ ತಿಳಿಯುವ ಯಂತ್ರ ಬೇಕೆನ್ನುವುದನ್ನು ಭಾಷಾಭಿಮಾನದ ಮಾತೆಂದು ತಳ್ಳಿಹಾಕಲಾಗದು. ಪ್ರಾಣದ ಪ್ರಶ್ನೆ ಇದರಲ್ಲಿದೆ.

ಕೆಲಸ ನಡೆದಿಲ್ಲವೆಂದಲ್ಲ. ಗೂಗಲ್ ಸಂಸ್ಥೆಯ ಯಂತ್ರಗಳು 2017ರಲ್ಲಿ ಕನ್ನಡ ಉಕ್ತಲೇಖನವನ್ನು ಕಲಿತವು. 2018ರಲ್ಲಿ ಅದರ ಭೂಪಟವು ಕನ್ನಡದಲ್ಲಿ ದಾರಿ ಹೇಳತೊಡಗಿತು. 2022ರಲ್ಲಿ ಪ್ರಕಟವಾದ ‘ವಾಣಿ’ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಜಿಲ್ಲೆಜಿಲ್ಲೆಯ ಆಡುಮಾತಿನ ಸಂಗ್ರಹಕ್ಕೆ ಕೈಹಾಕಿತು.

ಆದರೆ ಕನ್ನಡ ಕಲಿತ ಯಂತ್ರವೂ ಘಾಟಿಯಲ್ಲಿ ಬಾಯಿ ಮುಚ್ಚಿರಬೇಕೆಂದೇ ನಮ್ಮ ಅಭಿಪ್ರಾಯ. ತಿರುವುಗಳು ಎಲ್ಲಿವೆಯೆಂಬುದು ಅದರ ಭೂಪಟದಲ್ಲೇ ಇದೆ. ಅಂಥಲ್ಲಿ ಉತ್ತರವನ್ನು ತಡೆಹಿಡಿದು, ದಾರಿ ನೇರವಾದ ಮೇಲೆ ನಾಲ್ಕೇ ಮಾತಿನಲ್ಲಿ ಹೇಳುವಂತೆ ತಯಾರಕರು ಅದನ್ನು ರೂಪಿಸಬೇಕು. ಹೊಸ ಊರನ್ನು ಹುಡುಕುವುದು, ಬಂದ ಸಂದೇಶಗಳನ್ನು ಓದಿಸುವುದು ಮೊದಲಾದುವಕ್ಕೆ ಕಾರು ನಿಂತಾಗ ಮಾತ್ರ ಅವಕಾಶವಿರಲಿ. ಬೆಟ್ಟದ ಬುಡದಲ್ಲಿ ಒಂದು ಗಳಿಗೆ ನಿಲ್ಲಿಸಿ ದಾರಿ ಕೇಳಿದರೆ ಗಂಟೇನು ಹೋಗುತ್ತದೆ?