ಉಸಿರಿಗೆ ಅಲಾರಂ ಇದೆ, ಸಿಲಿಂಡರಿಗೆ?

ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದ್ರೆ ಎದೆ ಒದ್ದಾಡುತ್ತೆ. ಆಕ್ಸಿಜನ್ ಮುಗೀತು ಅಂದ್ಕೊಳ್ತೀವಿ. ಹಾಗಲ್ಲ. ಆಗಲೂ ರಕ್ತದಲ್ಲಿ ಆಕ್ಸಿಜನ್ ಸಾಕಷ್ಟಿರುತ್ತೆ. ಏರಿರೋದು ಕಾರ್ಬನ್ ಡೈಆಕ್ಸೈಡ್.

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಪರಿಚಿತ ಚಿತ್ರವೇ. ಕಾರ್ಬನ್ ಡೈಆಕ್ಸೈಡ್ ಏರಿದಾಗ ಮೆದುಳಿನ ಸುತ್ತಲ ದ್ರವದ ಪಿಎಚ್ ಇಳಿಯುತ್ತೆ. ಮೆದುಳಿನ ಬುಡದ ಮೆಡುಲ್ಲಾದಲ್ಲಿರೋ ಸೆನ್ಸರ್ ಅದನ್ನ ಹಿಡಿಯುತ್ತೆ. ಕಂಟ್ರೋಲರ್ ಕೂಡ ಅಲ್ಲೇ ಇದೆ. ವಪೆ ಮತ್ತು ಪಕ್ಕೆಲುಬಿನ ಸ್ನಾಯುಗಳು ಆಕ್ಚುಯೇಟರ್. ಇದು ಸಾಲದು ಅಂತ ಕತ್ತಿನ ಎರಡೂ ಬದಿಯಲ್ಲಿ ಕ್ಯಾರೊಟಿಡ್ ಬಾಡಿ ಅನ್ನೋ ಬ್ಯಾಕಪ್ ಸೆನ್ಸರ್. ಆಕ್ಸಿಜನ್ ಒತ್ತಡ ಸುಮಾರು 60 ಮಿಲಿಮೀಟರ್ ಪಾದರಸಕ್ಕಿಂತ ಇಳಿದ್ರೆ ಅದು ಜೋರಾಗಿ ಕೂಗುತ್ತೆ.

ಇಷ್ಟೊಂದು ಎಚ್ಚರ ಯಾಕೆ? ದೇಹಕ್ಕೆ ಗೋಡೌನ್ ಇಲ್ಲ. ಒಳಗಿರೋ ಆಕ್ಸಿಜನ್ ಹೆಚ್ಚೂಕಮ್ಮಿ ಒಂದೂವರೆ ಲೀಟರ್; ಸುಮ್ಮನೆ ಕೂತಿದ್ರೂ ನಿಮಿಷಕ್ಕೆ ಕಾಲು ಲೀಟರ್ ಖರ್ಚು. ಹಾಗಾಗಿ ಮುಗಿಯೋ ತನಕ ಕಾಯೋ ಹಾಗಿಲ್ಲ. ಮೊದಲೇ ಅಲಾರಂ ಹೊಡೀಬೇಕು. ಹೊಡೆದ ಮೇಲೆ ಯಾರ ಅನುಮತಿಯನ್ನೂ ಕೇಳಬಾರದು. ನಾವೆಷ್ಟೇ ಹಟ ಹಿಡಿದ್ರೂ ಕೊನೆಗೆ ಮೆಡುಲ್ಲಾ ಉಸಿರು ಎಳೆಸಿಯೇ ತೀರುತ್ತೆ.

ಈಗ ನಮ್ಮ ಕಡೆಗೆ ಬರೋಣ. ತೆರಕಣಾಂಬಿಯಿಂದ ಗುಂಡ್ಲುಪೇಟೆಯವರೆಗೆ ನಮ್ಮೆಲ್ಲರಿಗೂ ಜಿಲ್ಲಾಸ್ಪತ್ರೆ ಅಂದ್ರೆ ಚಾಮರಾಜನಗರ. 2021ರ ಮೇ 2-3ರಂದು, ಕೋವಿಡ್ ಎರಡನೇ ಅಲೆಯಲ್ಲಿ, 24 ಗಂಟೆಯೊಳಗೆ ಅಲ್ಲಿ 24 ಮಂದಿ ತೀರಿಕೊಂಡರು. ಆಕ್ಸಿಜನ್ ಸಾಲದೆ ಬಂದ ಸಾವು ಮೂರೇ ಅಂತ ಸರ್ಕಾರ ಮೊದಲು ಹೇಳ್ತು. ಆಮೇಲೆ ಹೈಕೋರ್ಟ್ ಸಮಿತಿ, ತನಿಖಾ ಆಯೋಗ ಎಲ್ಲಾ ಆಯ್ತು. ಚಾಮರಾಜನಗರ, ಮೈಸೂರು ಜಿಲ್ಲಾಡಳಿತಗಳ ನಡುವೆ ಸಿಲಿಂಡರ್ ವಿಚಾರದಲ್ಲಿ ನಡೆದ ಆರೋಪ-ಪ್ರತ್ಯಾರೋಪವನ್ನ ರಾಜ್ಯವೇ ನೋಡ್ತು.

ತಪ್ಪು ಯಾರದು ಅನ್ನೋ ಪ್ರಶ್ನೆ ಬಿಡುವ ಹಾಗಿಲ್ಲ, ಅದಕ್ಕೆ ಉತ್ತರ ಬರಲೇಬೇಕು. ಆದ್ರೆ ಎಂಜಿನಿಯರಿಂಗ್ ಓದೋ ನಾವು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ದೇಹದೊಳಗಿರೋ ಫೀಡ್‌ಬ್ಯಾಕ್ ಲೂಪ್ ಆಸ್ಪತ್ರೆಗೆ ಯಾಕಿರಬಾರದು? ಆಕ್ಸಿಜನ್ ಇನ್ನೆಷ್ಟು ಗಂಟೆಗೆ ಸಾಕು ಅಂತ ಸದಾ ಅಳೆಯೋ ಮೀಟರ್ ಒಂದು. ಅದು ಕೆಟ್ಟರೆ ಬೇರೆ ಕಡೆ ಇನ್ನೊಂದು. ಮಿತಿ ದಾಟಿದ ಕೂಡಲೇ, ಸಹಿಗೆ ಕಾಯದೆ, ಗಾಡಿ ಹೊರಡಬೇಕು. ಫೋನ್ ಮೇಲೆ ಫೋನ್ ಮಾಡಿ ಸಿಲಿಂಡರ್ ಬೇಡೋದು ಕಂಟ್ರೋಲ್ ಸಿಸ್ಟಮ್ ಅಲ್ಲ.

ಟ್ಯಾಂಕ್ ತುಂಬಿದ್ರೆ ಮೋಟರ್ ಆಫ್ ಮಾಡೋ ಸರ್ಕ್ಯೂಟ್ ಪ್ರತಿವರ್ಷ ನಮ್ಮಲ್ಲಿ ಯಾರಾದ್ರೂ ಪ್ರಾಜೆಕ್ಟ್ ಮಾಡ್ತಾರೆ. ಈ ವರ್ಷ ಒಂದು ತಂಡವಾದ್ರೂ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಆಕ್ಸಿಜನ್ ಲೆಕ್ಕವನ್ನ ಅಲ್ಲಿ ಹೇಗೆ ಇಡ್ತಾರೆ ಅಂತ ನೋಡಿಕೊಂಡು ಬರಲಿ.