ಬೈಸಿಕಲ್ಲೂ ರೈಲ್ವೆಯ ನ್ಯಾಯವೂ

ನಮ್ಮ ರೈಲುಗಳಲ್ಲಿ ಸ್ಲೀಪರ್ ತರಗತಿಯ ಪ್ರಯಾಣಿಕನು ೪೦ ಕಿಲೋಗ್ರಾಂ ತೂಕದ ಪೆಟ್ಟಿಗೆ ಗಂಟುಗಳನ್ನು ಬಿಡಿಕಾಸನ್ನೂ ತೆರದೆ ಒಯ್ಯಬಹುದು. ಎರಡನೆಯ ತರಗತಿಯವನಿಗೆ ೩೫ ಕಿಲೋಗ್ರಾಂ ಸಲ್ಲುತ್ತದೆ. ಆದರೆ ೧೫ ಕಿಲೋಗ್ರಾಂ ತೂಗುವ ಬೈಸಿಕಲ್ಲಿಗೆ ಈ ಸೌಲಭ್ಯವಿಲ್ಲ. ಸ್ಕೂಟರು, ಸೈಕಲ್ಲು ಮುಂತಾದವು ಉಚಿತ ತೂಕದ ಲೆಕ್ಕಕ್ಕೆ ಬಾರವೆಂದು ಲಗೇಜು ನಿಯಮವು ವಿಧಿಸಿದೆ. ಎಣ್ಣೆ ಕುಡಿಯುವ ಯಂತ್ರವನ್ನೂ ಮನುಷ್ಯನ ಕಾಲ್ಬಲದಿಂದಲೇ ನಡೆಯುವ ವಾಹನವನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ಎಲ್ಲಿಯ ನ್ಯಾಯ?

ಬೈಸಿಕಲ್ಲಿನ ಮೇಲೆ ದೇಶಸಂಚಾರಕ್ಕೆ ಹೊರಟವನ ಪಾಡನ್ನು ವಾಚಕರು ಕೊಂಚ ಆಲೋಚಿಸಬೇಕು. ಹಿಂದಿನ ಚಕ್ರದ ಎರಡು ಮಗ್ಗುಲಿಗೂ ತೂಗುವ ಚೀಲಗಳಲ್ಲಿ ಅವನ ಬಟ್ಟೆಬರೆ, ಹಾಸಿಗೆ, ಅಡುಗೆಯ ಪಾತ್ರೆ, ಪಂಚರು ತಿದ್ದುವ ಸಲಕರಣೆ ಎಲ್ಲವೂ ಅಡಗಿರುತ್ತವೆ. ಬಂಡಿ ಹೊರಡುವುದಕ್ಕೆ ಕನಿಷ್ಠ ೩೦ ನಿಮಿಷ ಮೊದಲು ಅವನು ವಾಹನವನ್ನು ಲಗೇಜು ಕಚೇರಿಗೆ ಒಪ್ಪಿಸತಕ್ಕದ್ದು. ಚೀಲಗಳನ್ನು ಕಳಚಿ ಹೆಗಲಿಗೇರಿಸಬೇಕು. ಬೈಸಿಕಲ್ಲಿಗೆ ಗೋಣಿ ಸುತ್ತಿ ವಿಳಾಸದ ಚೀಟಿ ಕಟ್ಟಬೇಕು. ಆಮೇಲೆ ಅದು ಬ್ರೇಕ್‌ವ್ಯಾನಿನಲ್ಲಿ ಮೀನಿನ ಬುಟ್ಟಿ, ಮೋಟಾರು ಸೈಕಲ್ಲುಗಳ ನಡುವೆ ಒಡೆಯನ ಕಣ್ಮರೆಯಲ್ಲಿ ಪಯಣಿಸುತ್ತದೆ. ಎರಡೇ ನಿಮಿಷ ಬಂಡಿ ನಿಲ್ಲುವ ಸಣ್ಣ ಊರಿನಲ್ಲಿ ಅದನ್ನು ಇಳಿಸಿಕೊಡುವವರು ಯಾರು? ಸಂಚಾರಿಗೆ ಬೇಕಾದುದಾದರೋ ಅಂಥ ಊರೇ. ತಾಳಗುಪ್ಪದಲ್ಲಿ ಇಳಿದವನಿಗೆ ಜೋಗವು ಸುಮಾರು ೧೫ ಕಿಲೋಮೀಟರು. ಮಲೆನಾಡನ್ನು ಕಣ್ತುಂಬ ಕಾಣಲು ರೈಲು, ಬೈಸಿಕಲ್ಲುಗಳಿಗಿಂತ ಒಳ್ಳೆಯ ಜೋಡಿ ಯಾವುದು?

“ಮನುಷ್ಯರಿಗೇ ಕಾಲಿಡಲು ಸ್ಥಳವಿಲ್ಲದ ಬಂಡಿಯಲ್ಲಿ ಬೈಸಿಕಲ್ಲಿಗೆ ಎಡೆಯೆಲ್ಲಿ?” ಎಂದು ಕೆಲವರು ಆಕ್ಷೇಪಿಸುವರು. ಯಾರ ಆಸನವನ್ನೂ ನಾವು ಬೇಡುತ್ತಿಲ್ಲ. ೧೦೦ ಸೆಂಟಿಮೀಟರು ಉದ್ದ, ೬೦ ಅಗಲ, ೨೫ ಎತ್ತರ ಮೀರಿದ ಪೆಟ್ಟಿಗೆಯನ್ನು ಪ್ರಯಾಣಿಕರ ಡಬ್ಬಿಯೊಳಗೆ ಒಯ್ಯಕೂಡದೆಂಬ ನಿಯಮವು ಯುಕ್ತವೇ ಆಗಿದೆ. ನಾವು ಕೇಳುವುದು ಈಗಾಗಲೇ ಇರುವ ವ್ಯಾನಿನ ಒಂದು ಮೂಲೆಯನ್ನು, ಅಲ್ಲಿ ಚಕ್ರವನ್ನು ತೂಗುಹಾಕಲು ನಾಲ್ಕು ಕೊಕ್ಕೆಗಳನ್ನು.

“ಇದು ಹವ್ಯಾಸಿಗಳ ವಿಲಾಸ” ಎಂಬುದು ಇನ್ನೊಂದು ಆಕ್ಷೇಪ. ಬೈಸಿಕಲ್ಲು ಹಾಲಿನವನದು, ಗಾರೆಯವನದು, ವಿದ್ಯಾರ್ಥಿಯದು. ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಹಂಚುವ ಯೋಜನೆಯನ್ನು ಕರ್ಣಾಟಕ ಸರಕಾರವು ೨೦೦೬-೦೭ರಲ್ಲಿ ಆರಂಭಿಸಿದುದು ವಿಲಾಸಕ್ಕಾಗಿಯೇ? ಸರಕಾರವು ಮಕ್ಕಳ ಕೈಗೆ ಕೊಟ್ಟ ವಾಹನವನ್ನು ರೈಲ್ವೆಯು ಸರಕೆಂದು ತಳ್ಳುವುದು ವಿಪರ್ಯಾಸವಲ್ಲವೆ?

ಅನ್ಯದೇಶಗಳ ನಡೆಯನ್ನೂ ನೋಡೋಣ. ಐರೋಪ್ಯ ಒಕ್ಕೂಟವು ೨೦೨೧ರಲ್ಲಿ ಮಾಡಿದ ರೈಲು ಪ್ರಯಾಣಿಕರ ಹಕ್ಕುಗಳ ಶಾಸನವು, ಹೊಸದಾಗಿ ಕೊಳ್ಳುವ ಬಂಡಿಗಳಲ್ಲಿ ಸಾಮಾನ್ಯವಾಗಿ ಕನಿಷ್ಠ ೪ ಬೈಸಿಕಲ್ಲುಗಳಿಗೆ ಸ್ಥಳವಿರಬೇಕೆಂದು ವಿಧಿಸಿತು. ಜರ್ಮನಿಯಲ್ಲಿ ೨೦೧೭ರಿಂದ ಓಡತೊಡಗಿದ ಐಸಿಇ-೪ ಎಂಬ ವೇಗದ ಬಂಡಿಯಲ್ಲಿ ೮ ಬೈಸಿಕಲ್ಲುಗಳಿಗೆ ಎಡೆಯಿಟ್ಟರು. ಅಲ್ಲಿ ಅದು ಹಕ್ಕು. ಇಲ್ಲಿ ಗುಮಾಸ್ತನ ಕೃಪೆ.

ನಮ್ಮ ಬೇಡಿಕೆಗಳು ಮೂರೇ. ಬೈಸಿಕಲ್ಲಿನ ತೂಕವು ಪ್ರಯಾಣಿಕನ ಉಚಿತ ತೂಕದಲ್ಲಿ ಸೇರಲಿ. ಒಡೆಯನು ಹೋಗುವ ಬಂಡಿಯಲ್ಲೇ ಅದಕ್ಕೂ ಸ್ಥಳವು ಮುಂಗಡವಾಗಿ ನಿಶ್ಚಯವಾಗಲಿ. ಏರಿಸುವ ಇಳಿಸುವ ಕೆಲಸವನ್ನು ಅವನೇ ಮಾಡಿಕೊಳ್ಳಲು ಸಣ್ಣ ನಿಲ್ದಾಣದಲ್ಲಿಯೂ ವ್ಯಾನಿನ ಬಾಗಿಲು ತೆರೆಯಲಿ. ಇವುಗಳಿಗೆ ಹೊಸ ಹಳಿ ಬೇಡ, ಹೊಸ ಎಂಜಿನೂ ಬೇಡ. ಬೈಸಿಕಲ್ಲಿನವನೂ ಟಿಕೀಟು ಕೊಂಡ ಪ್ರಯಾಣಿಕನೇ ಎಂಬ ತಿಳಿವಳಿಕೆ ಅಧಿಕಾರಿಗಳಿಗೆ ಬಂದರೆ ಸಾಕು.