ಬೋಲ್ಟು ಕೂತರೆ ಸಾಲದು

ಹಳೇ ಟ್ರ್ಯಾಕ್ಟರುಗಳ ಬಿಡಿಭಾಗಗಳನ್ನು ಒಂದರಿಂದ ಇನ್ನೊಂದಕ್ಕೆ ಹಾಕಿದರೆ ಅಪಾಯವೇನೂ ಇಲ್ಲ, ಬೋಲ್ಟು ಕೂತರೆ ಕೆಲಸ ಮುಗಿಯಿತು ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ವಿಜಯವಾಡದ ಆಟೋನಗರದ ಮೆಕ್ಯಾನಿಕ್‌ಗಳ ಕೈಚಳಕದ ಬಗ್ಗೆ ಅವರಿಗಿರುವ ಮೆಚ್ಚುಗೆ ನನಗೂ ಇದೆ. ಹೊಸದು ಕೊಳ್ಳಲಾಗದ ರೈತನ ಕೈಹಿಡಿದವರು ಅವರೇ. ಆದರೆ ಲೇಖಕರ ತೀರ್ಮಾನ ತಪ್ಪು, ಜೀವಕ್ಕೆ ಎರವಾಗುವ ತಪ್ಪು.

ಮಾಸಿ ಫರ್ಗುಸನ್ 35, 1035ರಂಥ ಗಾಡಿಗಳಿಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ. ಒಂದಕ್ಕೊಂದು ಬಿಗಿದ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್‌ಗಳೇ ಅದರ ಬೆನ್ನೆಲುಬು. ಬೇರೆ ಎಂಜಿನ್ ಕೂರಿಸಿದರೆ ಮೂತಿಯ ಭಾರವೇ ಬದಲಾಗುತ್ತದೆ. ಒಟ್ಟು ತೂಕದ ಐದನೇ ಒಂದು ಪಾಲಾದರೂ ಮುಂದಿನ ಚಕ್ರಗಳ ಮೇಲೆ ಇರದಿದ್ದರೆ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಹಿಂದೆ ಎತ್ತರದ ಟೈರು ಹಾಕಿದರೆ ಗುರುತ್ವಕೇಂದ್ರ ಮೇಲೇರುತ್ತದೆ. ಸಾಲದ್ದಕ್ಕೆ ಇನ್ನಾವುದೋ ಗಾಡಿಯ ಹುಕ್ಕನ್ನು ತಂದು ಹಿಂದಿನ ಆಕ್ಸಲ್‌ಗಿಂತ ಮೇಲೆ ಬಿಗಿದರೆ, ಭಾರ ಎಳೆಯುವಾಗ ಮೂತಿ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ. ಕ್ಲಚ್ ಒತ್ತುವಷ್ಟು ಹೊತ್ತೂ ಸಿಗುವುದಿಲ್ಲ.

ಲೇಖಕರ ಉದಾಹರಣೆಗಳೆಲ್ಲ ಕೃಷ್ಣಾ ಡೆಲ್ಟಾದ ಸಮತಟ್ಟು ಗದ್ದೆಯವು. ಅಲ್ಲಿ ಈ ದೋಷ ಅಡಗಿ ಕೂರುತ್ತದೆ. ಅದೇ ಗಾಡಿ ವಿಶಾಖಪಟ್ಟಣದ ಕಡೆಯ ಏರುತಗ್ಗಿನಲ್ಲಿ, ಅನಕಾಪಲ್ಲಿಯ ಆಲೆಮನೆಗೆ ಕಬ್ಬಿನ ಟ್ರೇಲರ್ ಎಳೆಯುವಾಗ ಏನಾದೀತು?

ಭಾಗ ಬದಲಿಸಬೇಡಿ ಎನ್ನುತ್ತಿಲ್ಲ. ಬದಲಿಸಿದ ಮೇಲೆ ವೇಬ್ರಿಡ್ಜ್‌ನಲ್ಲಿ ಮುಂದಿನ ಚಕ್ರಗಳನ್ನಷ್ಟೇ ನಿಲ್ಲಿಸಿ ತೂಗಿಸಿ. ಕಡಿಮೆ ಬಂದರೆ ಮುಂದೆ ಎರಕದ ತೂಕಗಳನ್ನು ಹಾಕಿಸಿ. ಅಲ್ಲಿಯವರೆಗೆ ದಯವಿಟ್ಟು ಟ್ರೇಲರ್ ಕಟ್ಟಬೇಡಿ.